ಮೊರದಲ್ಲಿ ಖಾಲಿ ತೋಟಾಗಳು

ಅಮೆರಿಕದ ಬ್ರಿಡ್ಜ್‌ವಾಟರಿನ ನಮ್ಮ ಮನೆಯ ಫ್ರಿಡ್ಜಿನ ಮೇಲೆ ಒಂದು ಸಣ್ಣ ಬಿದಿರಿನ ಮೊರ ಬಹಳ ವರ್ಷ ಸುಮ್ಮನೆ ಬಿದ್ದಿತ್ತು. ಮೈಸೂರಿನಿಂದ ಸೂಟ್‌ಕೇಸಿನಲ್ಲಿ ಸೀರೆಗಳ ನಡುವೆ ಇಟ್ಟು ತಂದದ್ದು. ಐಸೆಲಿನ್‌ನ ಇಂಡಿಯನ್ ಅಂಗಡಿಯಿಂದ ತರುವ ಸೋನಾ ಮಸೂರಿ ಅಕ್ಕಿಯಲ್ಲಿ ಕಲ್ಲೂ ಇಲ್ಲ, ನೆಲ್ಲೂ ಇಲ್ಲ, ಆರಿಸುವುದೇನು? ಆ ಮೊರಕ್ಕೆ ಕೆಲಸ ಕೊಟ್ಟವರು ನಮ್ಮ ಯಜಮಾನರು, ರಿಟೈರ್ ಆದಮೇಲೆ.

ಅವರು ಔಷಧದ ಕಂಪನಿಯಲ್ಲಿ ಕೆಮಿಸ್ಟ್ ಆಗಿದ್ದವರು. ಕಾಲೇಜಿನಲ್ಲಿ ಎನ್.ಸಿ.ಸಿ. ಮಾಡಿದ್ದಷ್ಟೇ ಕೋವಿಯ ಪರಿಚಯ. ಜೊತೆಯಲ್ಲಿ ಕೆಲಸ ಮಾಡಿದ್ದ ಅಮೆರಿಕನ್ ಸ್ನೇಹಿತರೊಬ್ಬರು ಒಂದು ಶನಿವಾರ ಗುರಿ ಹೊಡೆಯುವ ರೇಂಜಿಗೆ ಕರೆದುಕೊಂಡು ಹೋದರು. ಅಲ್ಲಿಂದ ಹುಚ್ಚು ಹಿಡಿಯಿತು. ಗುರಿ ಇಡುತ್ತಿದ್ದದ್ದು ಕಾಗದಕ್ಕೆ, ಅಷ್ಟೇ. ಆದರೂ ದೇವಸ್ಥಾನದ ಊಟದ ಸಾಲಿನಲ್ಲಿ ಒಬ್ಬಾಕೆ ಬಿಡಲಿಲ್ಲ.

"ಆಂಟಿ, ಅಂಕಲ್ ಈರುಳ್ಳಿ ಮುಟ್ಟಲ್ಲ, ಬಂದೂಕು ಮುಟ್ತಾರಂತೆ?"

ಹಿಂದೆಯೇ ನಿಂತಿದ್ದ ಇವರು, "ಬಂದೂಕಿಗೆ ಈರುಳ್ಳಿ ಹಾಕಲ್ಲಮ್ಮ" ಎಂದು ಹುಳಿಯನ್ನಕ್ಕೆ ತಟ್ಟೆ ಚಾಚಿದರು.

ಹೊಡೆದ ತೋಟಾಗಳ ಹಿತ್ತಾಳೆಯ ಕೇಸುಗಳನ್ನು ಹೆಕ್ಕಿ, ಮೊಸರಿನ ದೊಡ್ಡ ಡಬ್ಬದಲ್ಲಿ ತುಂಬಿಕೊಂಡು ಬರುತ್ತಿದ್ದರು. ತಮ್ಮದು, ಪಕ್ಕದವರು ಬಿಟ್ಟು ಹೋದದ್ದು, ಎಲ್ಲ. ಬೇಸ್‌ಮೆಂಟಿನಲ್ಲಿ ಅವಕ್ಕೇ ಮತ್ತೆ ಕೋವಿಮದ್ದು, ಗುಂಡು ತುಂಬುವುದು. ಪ್ರತಿ ಕೇಸಿನ ತಳದಲ್ಲಿ ಬಿಂದಿಗಿಂತ ಚಿಕ್ಕ ಒಂದು ಲೋಹದ ಟೋಪಿ ಕೂತಿರುತ್ತದೆ. ಅದೇ ಪ್ರೈಮರ್, ಕಿಡಿ ಹೊತ್ತಿಸುವುದು. ಒಮ್ಮೆ ಹೊಡೆದ ಮೇಲೆ ಅದು ಸತ್ತ ಹಾಗೆ. ಒಳಗಿನಿಂದ ಒಂದು ಪಿನ್ ತೂರಿಸಿ ಅದನ್ನು ತಳ್ಳಿ ತೆಗೆದರೆ ಹೊಸದನ್ನು ಕೂರಿಸಬಹುದು.

ತೊಡಕು ಇರುವುದು ಇಲ್ಲೇ. ಹೊರಗಿನಿಂದ ಎಲ್ಲ ಕೇಸೂ ಒಂದೇ ತರಹ. ಕೇಸಿನ ಬಾಯಿಂದ ಟಾರ್ಚ್ ಬೆಳಕು ಬಿಟ್ಟು ನೋಡಿದರೆ ಕೆಲವಕ್ಕೆ ತಳದ ಮಧ್ಯದಲ್ಲಿ ಒಂದೇ ತೂತು, ಕೆಲವಕ್ಕೆ ಅಕ್ಕಪಕ್ಕದಲ್ಲಿ ಎರಡು ಸಣ್ಣ ತೂತು. ಒಂದು ತೂತಿನದು ಬಾಕ್ಸರ್, ಎರಡು ತೂತಿನದು ಬರ್ಡನ್. ನಾವು ಹೇಳುತ್ತಿದ್ದದ್ದು ಒಂಟಿ ಕಣ್ಣು, ಜೋಡಿ ಕಣ್ಣು ಎಂದು. ಒಂಟಿ ಕಣ್ಣಿನಲ್ಲಿ ಪಿನ್ ಸಲೀಸಾಗಿ ಇಳಿಯುತ್ತದೆ. ಜೋಡಿ ಕಣ್ಣು ಬಂತೋ, ಪಿನ್ ಮಧ್ಯದ ಗಟ್ಟಿ ಹಿತ್ತಾಳೆಗೆ ಕುಟ್ಟಿ ಪಟ್ಟನೆ ಮುರಿಯುತ್ತದೆ. ಇಂಗ್ಲೆಂಡಿನವನು ಮಾಡಿದ ಬಾಕ್ಸರ್ ಅಮೆರಿಕಕ್ಕೆ ಬಂತಂತೆ, ಅಮೆರಿಕದವನು ಮಾಡಿದ ಬರ್ಡನ್ ಯುರೋಪಿಗೆ ಹೋಯಿತಂತೆ. "ಎಲ್ಲಾ ನಮ್ಮ ಹಾಗೇನೇ, ಹುಟ್ಟಿದ್ದೊಂದು ಕಡೆ, ಬದುಕಿದ್ದೊಂದು ಕಡೆ" ಎನ್ನುತ್ತಿದ್ದರು.

ಆರಿಸುವ ಕೆಲಸ ನಾನೇ ವಹಿಸಿಕೊಂಡೆ. ಕಾನ್ವೆಂಟಿನಲ್ಲಿ ನೀಡಲ್‌ವರ್ಕ್ ಕಲಿಸುತ್ತಿದ್ದ ಸಿಸ್ಟರ್ ಸೂಜಿಗೆ ದಾರ ಪೋಣಿಸುವಾಗ, "ಡೋಂಟ್ ಲುಕ್ ಅಟ್ ದ ಹೋಲ್, ಚೈಲ್ಡ್, ಲುಕ್ ಥ್ರೂ ಇಟ್" ಎನ್ನುತ್ತಿದ್ದರು. ಐವತ್ತು ವರ್ಷ ಕಳೆದ ಮೇಲೆ ಆ ಪಾಠ ಇಂಥ ಕೆಲಸಕ್ಕೆ ಬಂತು. ಮೊರದಲ್ಲಿ ಕೇಸು ಹರಡಿಕೊಂಡು, ಕಿಟಕಿಯ ಬೆಳಕಿಗೆ ಒಂದೊಂದೇ ಹಿಡಿದು, ಒಂಟಿಯನ್ನು ನೀಲಿ ಡಬ್ಬಕ್ಕೆ, ಜೋಡಿಯನ್ನು ಬಿಳಿ ಡಬ್ಬಕ್ಕೆ ಹಾಕುತ್ತಿದ್ದೆ. ಆಮೇಲೆ ಸೋಪು ಹಚ್ಚಿ ಕೈ ತೊಳೆಯಬೇಕು, ಸೀಸ ಅಂಟಿರುತ್ತದೆ. ನೀಲಿ ಡಬ್ಬವನ್ನು ಅವರು ಮತ್ತೊಮ್ಮೆ ನೋಡಿಯೇ ಕೆಳಗೆ ಒಯ್ಯುತ್ತಿದ್ದರು. ಒಂದು ಜೋಡಿ ಕಣ್ಣು ಸಿಕ್ಕಿದರೂ ಸಾಕು, ಊಟದ ತನಕ ಕಿಚಾಯಿಸುತ್ತಿದ್ದರು. ಸಿಗುತ್ತಿದ್ದದ್ದು ಕಡಿಮೆ.

ಹೋದ ವರ್ಷ ಒಂದೇ ವಾರದಲ್ಲಿ ಮೂರು ಪಿನ್ ಮುರಿದವು.

"ಏನೇ, ಕಣ್ಣು ಎಲ್ಲಿಟ್ಟಿದ್ದೆ? ಕ್ಯಾಟರಾಕ್ಟ್ ಮಾಡಿಸ್ಕೊ ಅಂದ್ರೆ ಕೇಳಲ್ಲ!" ಎಂದು ಕೆಳಗಿನಿಂದಲೇ ಕೂಗಿದರು.

ನನ್ನ ಕಣ್ಣೇ ಇರಬೇಕೆಂದುಕೊಂಡೆ. ಮಾರನೆಯ ದಿನ ನೀಲಿ ಡಬ್ಬವನ್ನು ಎರಡು ಸಲ ನೋಡಿ ಟೇಬಲ್ಲಿನ ಮೇಲಿಟ್ಟೆ. ಅವರು ಬಂದು ಕನ್ನಡಕ ಏರಿಸಿಕೊಂಡು ಚೆಕ್ ಮಾಡಲು ಕೂತರು. ನಾನು ಒಗ್ಗರಣೆಗೆ ಸಾಸಿವೆ ಹಾಕುತ್ತಿದ್ದವಳು ತಿರುಗಿ ನೋಡಿದೆ. ಬಿಳಿ ಡಬ್ಬದಿಂದ ಜೋಡಿ ಕಣ್ಣುಗಳನ್ನು ಒಂದೊಂದೇ ತೆಗೆದು, ಟಾರ್ಚ್ ಹಿಡಿದು, ತಲೆದೂಗಿ, ನೀಲಿ ಡಬ್ಬಕ್ಕೆ ಹಾಕುತ್ತಿದ್ದರು. ನನ್ನ ತಪ್ಪು ತಿದ್ದುವ ಉತ್ಸಾಹ ಮುಖದಲ್ಲಿತ್ತು. ಸಾಸಿವೆ ಸೀದು ಹೋಯಿತು.

ಅವರು ಮಧ್ಯಾಹ್ನ ಮಲಗಿದಾಗ ಅಷ್ಟನ್ನೂ ಮತ್ತೆ ಆರಿಸಿ ಇಟ್ಟೆ. ಹೀಗೆ ಸುಮಾರು ಎರಡು ತಿಂಗಳು ನಡೆಯಿತು. ಪಿನ್ ಮುರಿಯುವುದು ನಿಂತಿತು. "ನೋಡು, ಬೈದ ಮೇಲೆ ಸರಿಹೋದೆ" ಎಂದರು. ಹೂಂ ಎಂದೆ. ದುಃಖವೂ ಆಗಲಿಲ್ಲ, ಭಯವೂ ಆಗಲಿಲ್ಲ. ಡೆಂಟಿಸ್ಟ್ ಇಂಜೆಕ್ಷನ್ ಕೊಟ್ಟ ಮೇಲೆ ತುಟಿ ಇರುತ್ತದಲ್ಲ, ಹಾಗೆ.

ಪಿನ್ ಮುರಿದರೆ ಹೊಸ ಪಿನ್ ಸಿಗುತ್ತದೆ. ಆದರೆ ಒಂದು ದಿನ ಕಾಫಿ ಕೊಡಲು ಕೆಳಗೆ ಇಳಿದಾಗ ಅವರು ಒಂದು ಕೇಸು ಹಿಡಿದುಕೊಂಡು ಸುಮ್ಮನೆ ಕೂತಿದ್ದರು. ತಕ್ಕಡಿಯಲ್ಲಿ ತೂಗಿದ ಮದ್ದು ಪಕ್ಕದಲ್ಲಿತ್ತು.

"ಇದಕ್ಕೆ ಮದ್ದು ಹಾಕಿದ್ನಾ?" ಎಂದು ನನ್ನನ್ನು ಕೇಳಿದರು.

"ನಂಗೇನ್ರೀ ಗೊತ್ತು? ಒಳಗೆ ನೋಡಿ."

ನೋಡಿದರು. ಇತ್ತು. ಆದರೂ ತಕ್ಕಡಿಯ ಮದ್ದನ್ನು ಅದರೊಳಗೇ ಸುರಿಯಲು ಕೈ ಎತ್ತಿದರು. ನಾನು ಲೋಟವನ್ನು ಅವರ ಕೈಗೆ ತುರುಕಿದೆ. ಎರಡು ಪಾಲು ಮದ್ದು ಬಿದ್ದ ತೋಟಾ ಕೋವಿಯನ್ನೇ ಸೀಳಬಹುದು, ಹಿಡಿದವನ ಮುಖದ ಮುಂದೆ. ಇದನ್ನು ನನಗೆ ಹೇಳಿಕೊಟ್ಟವರು ಅವರೇ.

ಹ್ಯಾರಿಸನ್‌ನಲ್ಲಿರುವ ಮಗಳಿಗೆ ಫೋನ್ ಮಾಡಿದೆ. "ಅಮ್ಮಾ, ಜಸ್ಟ್ ಗೆಟ್ ಇಟ್ ಔಟ್ ಆಫ್ ದ ಹೌಸ್. ಆಲ್ ಆಫ್ ಇಟ್" ಎಂದಳು. ಆ ಅಮೆರಿಕನ್ ಸ್ನೇಹಿತರಿಗೂ ಫೋನ್ ಮಾಡಿದೆ. ಅವರು ಕಾರಣ ಕೇಳದೆ, ಬಂದು ಒಯ್ಯುತ್ತೇನೆ ಎಂದರು. ರೇಂಜಿನಲ್ಲಿ ಏನೋ ಕಂಡಿದ್ದರೆಂದು ತೋರುತ್ತದೆ. ಕೋವಿಗಳು ಪೇಪರ್‌ವರ್ಕ್ ಮುಗಿಸಿಕೊಂಡು ಅಂಗಡಿಗೆ ಹೋದವು. ಮದ್ದು, ಹೊಸ ಪ್ರೈಮರುಗಳು, ತುಂಬುವ ಯಂತ್ರ ಸ್ನೇಹಿತರ ಪಿಕಪ್ ಟ್ರಕ್ ಹತ್ತಿದವು. ನಮ್ಮವರು ಡ್ರೈವ್‌ವೇನಲ್ಲಿ ನಿಂತು, "ಕೀಪ್ ಸ್ಪೇರ್ ಪಿನ್ಸ್. ಮೈ ವೈಫ್ ಕೀಪ್ಸ್ ಮಿಸಿಂಗ್ ಸಮ್" ಎಂದರು. ಸ್ನೇಹಿತರು ನನ್ನ ಕಡೆ ನೋಡಿದರು. ನಾನು ಮೇಲ್‌ಬಾಕ್ಸ್ ತೆರೆದು ನೋಡಿದೆ. ಅಂಚೆ ಇನ್ನೂ ಬಂದಿರಲಿಲ್ಲ.

ಖಾಲಿ ಕೇಸುಗಳನ್ನು ಮಾತ್ರ ಕೊಡಲಿಲ್ಲ. ಎರಡು ಡಬ್ಬ ಹಿತ್ತಾಳೆ, ಅದರಿಂದ ಯಾರಿಗೂ ಏನೂ ಆಗುವುದಿಲ್ಲ. ಮಗಳಿಗೆ ಹೇಳಿಲ್ಲ.

ಈಗ ಮೊರ ಅವರ ತೊಡೆಯ ಮೇಲೆ. ಬೆಳಿಗ್ಗೆ ತಿಂಡಿ ಮುಗಿಸಿ ಕಿಟಕಿಯ ಹತ್ತಿರ ಕೂತು ಆರಿಸುತ್ತಾರೆ. ಒಂದೊಂದನ್ನೂ ಬೆಳಕಿಗೆ ಹಿಡಿದು, ಅವಸರವಿಲ್ಲದೆ. ಕೆಲವು ದಿನ ಎಲ್ಲವೂ ಸರಿಯಿರುತ್ತವೆ. ಕೆಲವು ದಿನ ಎಲ್ಲ ಒಂದೇ ಡಬ್ಬದಲ್ಲಿ. ಮುಗಿದ ಮೇಲೆ ನನ್ನನ್ನು ಕರೆಯುತ್ತಾರೆ.

"ಚೆಕ್ ಮಾಡ್ದ್ಯಾ?"

"ಮಾಡ್ದೆ."

"ಸರಿಯಾಗಿದ್ಯಾ?"

"ಎಲ್ಲಾ ಸರಿಯಾಗಿದೆ ರೀ. ಏಳಿ, ಕೈ ತೊಳ್ಕೊಳ್ಳಿ."

ಅವರು ಕೈ ತೊಳೆಯಲು ಹೋಗುತ್ತಾರೆ, ನಲ್ಲಿಯ ಸದ್ದು ಕೇಳುತ್ತದೆ. ನಾನು ಎರಡೂ ಡಬ್ಬಗಳನ್ನು ಮೊರಕ್ಕೆ ಸುರಿದು, ಅಂಗೈಯಿಂದ ಕಲಸಿ, ನಾಳೆಗೆಂದು ಫ್ರಿಡ್ಜಿನ ಮೇಲಿಡುತ್ತೇನೆ.