ಬ್ರೇಕ್ ಇದ್ದ ಹಡಗು

2004ರ ಬೇಸಿಗೆ. 2005 ಇದ್ದರೂ ಇರಬಹುದು. ಜೆ.ಪಿ. ನಗರದ ಬಾಡಿಗೆ ಮನೆಯೊಂದರ ಮಹಡಿಯಲ್ಲಿ ನಾವು ಹಡಗು ಕಟ್ಟುತ್ತಿದ್ದೆವು. ಕಂಪ್ಯೂಟರಿನ ಹಡಗು. ಹೆಲ್ಮೆಟ್ಟಿನಂಥದ್ದನ್ನು ತಲೆಗೆ ಹಾಕಿಕೊಂಡರೆ ಸುತ್ತಲೂ ಸಮುದ್ರ, ಎದುರಿಗೆ ಬಂದರು. ನಾವಿಕರಾಗುವವರಿಗೆ ಇದರಲ್ಲೇ ಹಡಗು ನಡೆಸಲು ಕಲಿಸಬೇಕೆಂಬುದು ಮಾಲೀಕರ ಆಸೆ. ಭೌತಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿದ್ದ ನನಗೆ ಅದರಲ್ಲಿ ನಂಬಿಕೆ ಇರಲಿಲ್ಲ. ಜೊತೆಗಿದ್ದ ಹುಬ್ಬಳ್ಳಿಯ ಬಸವರಾಜನಿಗೆ ಇತ್ತು. ಇಬ್ಬರೂ ಹಡಗು ಹತ್ತಿದವರಲ್ಲ.

ಪರೀಕ್ಷಿಸಲು, ನಾವಿಕರ ತರಬೇತಿ ಶಾಲೆ ನಡೆಸುತ್ತಿದ್ದ ನಿವೃತ್ತ ಕ್ಯಾಪ್ಟನ್ ಒಬ್ಬರು ಜಯನಗರದಿಂದ ಬಂದರು. ಅವರು ಒಪ್ಪದಿದ್ದರೆ ನಮ್ಮ ಕಚೇರಿಗೆ ಬೀಗ. ಹೆಲ್ಮೆಟ್ ಹಾಕಿಕೊಂಡು, ಬಂದರಿನಲ್ಲಿ ಹಡಗು ತಂದು ನಿಲ್ಲಿಸುವ ದಕ್ಕೆಯ ಹತ್ತಿರ ಬಂದು ಎಂಜಿನ್ ನಿಲ್ಲಿಸಿದರು. ಹಡಗೂ ನಿಂತಿತು.

“ಏನ್ರೀ, ಹಡಗಿಗೆ ಬ್ರೇಕ್ ಇಟ್ಟಿದ್ದೀರಲ್ರೀ. ಇದು ಬನಶಂಕರಿ ಬಸ್ಸು,” ಎಂದು ನಕ್ಕರು.

“ಖರೇನ್ರೀ ಸರ್. ನಾವು ನೋಡಿದ್ದು ಬಸ್ಸು ಅಷ್ಟ ರೀ,” ಎಂದ ಬಸವರಾಜ.

ಎಂಜಿನ್ ನಿಂತರೂ ಹಡಗು ತನ್ನ ಭಾರಕ್ಕೇ ಬಹಳ ದೂರ ಸಾಗುತ್ತದೆ. ಓದಿದ್ದ ನನಗೇ ಅದು ಹೊಳೆದಿರಲಿಲ್ಲ. ಸರಿಮಾಡಿ, ನೀವೇ ದಕ್ಕೆಗೆ ಸೇರಿಸಿ ತೋರಿಸಿ ಎಂದು ಹೇಳಿ ಕ್ಯಾಪ್ಟನ್ ಹೊರಟರು.

ಸರಿಮಾಡಿದೆವು. ಈಗ ಯಾರು ನಡೆಸಿದರೂ ಹಡಗು ಹೋಗಿ ದಕ್ಕೆಗೆ ಗುದ್ದುತ್ತಿತ್ತು. ಹಡಗಿನ ಭಾರ ಸ್ವಲ್ಪ ಇಳಿಸಿಬಿಡಿ, ಕ್ಯಾಪ್ಟನ್‌ಗೇನು ತಿಳಿಯುತ್ತದೆ ಎಂದರು ಮಾಲೀಕರು. ನಾನು ಒಪ್ಪಲಿಲ್ಲ. ಇದರಲ್ಲಿ ಕಲಿತ ಹುಡುಗ ನಾಳೆ ನಿಜವಾದ ಬಂದರಿಗೆ ಹೋಗುವವನು. ದಿನವೂ ಹೆಲ್ಮೆಟ್ ಹಾಕಿಕೊಂಡು ಗುದ್ದಿದೆ. ಆ ಅಲೆಗಳಿಗೆ ತಲೆ ಸುತ್ತಿದರೆ ನಿಂಬೆಹಣ್ಣು ಮೂಸಿ ಮತ್ತೆ ಹಾಕಿಕೊಂಡೆ.

“ದಕ್ಕಿ ಮುರಿದ ಮ್ಯಾಲ ಬಿಡ್ತೀಯೇನು?” ಎಂದು ಬಸವರಾಜ ಕಾಡಿಸುತ್ತಿದ್ದ.

ಕ್ಯಾಪ್ಟನ್ ಮತ್ತೆ ಬಂದು, ನನ್ನ ಹೆಲ್ಮೆಟ್ಟಿನಲ್ಲಿ ಕಾಣುವುದನ್ನೇ ಕಂಪ್ಯೂಟರಿನ ಪರದೆಯಲ್ಲಿ ನೋಡುತ್ತ ನನ್ನ ಪಕ್ಕ ನಿಂತರು. ದಕ್ಕೆ ಇನ್ನೂ ದೂರವಿರುವಾಗಲೇ ಎಂಜಿನ್ ನಿಲ್ಲಿಸಿದೆ. ಹಡಗು ಸಾಗುತ್ತಲೇ ಇತ್ತು. ಏನಾದರೂ ಮಾಡೆಂದು ಕೈ ತಡಕಾಡಿತು.

“ಸುಮ್ನಿರಿ,” ಎಂದರು ಕ್ಯಾಪ್ಟನ್, ಮೆತ್ತಗೆ.

ಸುಮ್ಮನಿದ್ದೆ. ಕೊನೆಯಲ್ಲಿ ಮಾತ್ರ ಎಂಜಿನ್ನನ್ನು ಒಂದಿಷ್ಟು ಹಿಮ್ಮುಖ ಓಡಿಸಿದೆ. ಹಡಗು ದಕ್ಕೆಗೆ ಒರಗಿ ನಿಂತಿತು. ಕಲಿಯಲು ನಮ್ಮ ಹುಡುಗರನ್ನು ಕಳಿಸುತ್ತೇನೆ ಎಂದರು ಅವರು.

ದಕ್ಕೆ ತಾಗಿದಾಗ ಕಾಲಡಿಯ ನೆಲ ಅಲುಗಿದ್ದು ನನಗೆ ನೆನಪಿದೆ. ಮಹಡಿಮನೆಯ ಮೊಸಾಯಿಕ್ ನೆಲ ಅಲುಗುವುದು ಹೇಗೆ? ಅಂದು ಮೊದಲ ಸಲಕ್ಕೇ ಸೇರಿಸಿದೆ ಎಂದೂ ನೆನಪು. ಇಲ್ಲ, ಮೊದಲ ಸಲ ನೀನು ಗುದ್ದಿದ್ದೆ ಎನ್ನುತ್ತಾನೆ ಬಸವರಾಜ. ಇರಬಹುದು, ವಾದಕ್ಕೆ ಹೋಗುವುದಿಲ್ಲ. ಆದರೆ ಏನೂ ಮಾಡದೆ ನಿಲ್ಲುವುದಕ್ಕೆ ಎಷ್ಟು ಬಲ ಬೇಕೆಂದು ನನಗೆ ತಿಳಿದದ್ದು ಅವತ್ತೇ. ಅದರಲ್ಲಿ ಅನುಮಾನವಿಲ್ಲ.