ಬೆನ್ನ ಹಿಂದಿನ ಹೊಗಳಿಕೆ

ಯಾರನ್ನೇ ಆಗಲಿ ಎದುರಿಗೆ ಹೊಗಳುವ ವಿದ್ಯೆ ನನಗೆ ಬರುವುದಿಲ್ಲ. ಬೈಯುವುದೂ ಅಷ್ಟಾಗಿ ಬರುವುದಿಲ್ಲ, ಅದು ಬೇರೆ ಮಾತು. ಹೊಗಳೋಣವೆಂದು ಬಾಯಿ ತೆರೆದರೆ ಗಂಟಲಲ್ಲಿ ಕಡುಬು ಸಿಕ್ಕಿಕೊಂಡಂತಾಗಿ, ಕೊನೆಗೆ "ಪರವಾಗಿಲ್ಲ" ಎಂಬ ಒಂದೇ ಒಂದು ಮಾತು ಹೊರಗೆ ಬರುತ್ತದೆ. ಇದು ನಮ್ಮ ಮನೆತನದ ಆಸ್ತಿ. ಮೈಸೂರಿನಲ್ಲಿ ನಾನು ಬಿ.ಇ. ಪರೀಕ್ಷೆಯನ್ನು ಮೊದಲ ದರ್ಜೆಯಲ್ಲಿ ಪಾಸು ಮಾಡಿದಾಗ ನಮ್ಮ ತಂದೆ ಪೇಪರಿನಿಂದ ತಲೆಯೆತ್ತಿ "ಪರವಾಗಿಲ್ಲ" ಎಂದವರೇ ಮತ್ತೆ ಪೇಪರಿನೊಳಗೆ ಮುಳುಗಿದರು. ಅವರು ಊರೆಲ್ಲ ಅದನ್ನೇ ಸಾರುತ್ತಿದ್ದಾರೆಂದು ನನಗೆ ತಿಳಿದದ್ದು ಕ್ಷೌರದಂಗಡಿಯಲ್ಲಿ. "ನಿಮ್ ವಿಷ್ಯ ತೆಗೆದ್ರೆ ನಿಮ್ ತಂದೆಯವರು ನಿಲ್ಲಿಸೋದೇ ಇಲ್ಲ ಸ್ವಾಮಿ, ತಲೆ ಅಲ್ಲಾಡಿಸಿ ಅಲ್ಲಾಡಿಸಿ ನಂಗೆ ಕತ್ರಿ ಆಡ್ಸೋಕೇ ಬಿಡಲ್ಲ" ಎಂದು ಅಂಗಡಿಯವನು ದೂರಿದ. ಅರ್ಧ ಕತ್ತರಿಸಿದ ಕೂದಲಿನಲ್ಲಿ ಕುಳಿತು ನಾನು ಪಟ್ಟ ಸಂತೋಷ ಅಷ್ಟಿಷ್ಟಲ್ಲ.

ಗುರುಗಳನ್ನು ಎದುರಿಗೆ ಹೊಗಳಬೇಕು, ಸ್ನೇಹಿತರನ್ನು ಬೆನ್ನ ಹಿಂದೆ ಹೊಗಳಬೇಕು, ಕೆಲಸದವರನ್ನು ಕೆಲಸ ಮುಗಿದ ಮೇಲೆ ಹೊಗಳಬೇಕು, ಮಕ್ಕಳನ್ನಂತೂ ಎಂದೂ ಹೊಗಳಬಾರದು. ಇದು ನಮ್ಮ ತಾತ ಹೇಳಿಕೊಟ್ಟ ಹಳೆಯ ನೀತಿ. ಇದನ್ನು ಮಾಡಿಟ್ಟ ಪುಣ್ಯಾತ್ಮ ಯಾರೋ ಕಾಣೆ, ನನ್ನ ಹಾಗೆ ಕ್ಯಾಲಿಫೋರ್ನಿಯಾದ ಮೆನ್ಲೋ ಪಾರ್ಕಿನಲ್ಲಿ ಮ್ಯಾನೇಜರಾಗಿ ದುಡಿದವನಂತೂ ಅಲ್ಲ. ಕೆಲಸ ಮುಗಿಯುವ ತನಕ ಕೆಲಸದವರು ಇದ್ದೇ ಇರುತ್ತಾರೆಂದು ಪಾಪ, ಅವನು ನಂಬಿದ್ದ.

ನಾನು ಹೇಳುತ್ತಿರುವುದು ಎಂಬತ್ತರ ದಶಕದ ಮಾತು. ಬೆಂಗಳೂರಿನ ಸರ್ಕಾರಿ ಕಾರ್ಖಾನೆಗೆ ಸೇರಿದವನು ಕೊರಳಿಗೆ ನಿವೃತ್ತಿಯ ಹಾರ ಬೀಳುವ ತನಕ ಅಲ್ಲಿಂದ ಕದಲುತ್ತಿರಲಿಲ್ಲ. ಇಲ್ಲಿನ ಹುಡುಗರಿಗೆ ಕೆಲಸ ಬದಲಾಯಿಸಲು ಮನೆ ಬದಲಾಯಿಸುವುದೂ ಬೇಕಿರಲಿಲ್ಲ. ಫ್ರೀವೇ ಹೆದ್ದಾರಿಯಿಂದ ಇಳಿದು ಎಡಕ್ಕೆ ತಿರುಗುವ ಬದಲು ಬಲಕ್ಕೆ ತಿರುಗಿದರೆ ಮುಗಿಯಿತು, ಹೊಸ ಕಂಪನಿ, ಹೊಸ ಸಂಬಳ. ಅವರನ್ನು ಹಿಡಿದಿಟ್ಟುಕೊಳ್ಳಲು ನಮ್ಮ ಕಂಪನಿ ಪಾಪ್‌ಕಾರ್ನ್ ಮೆಷೀನು ತಂದಿತು, ವಾಲಿಬಾಲ್ ನೆಟ್ಟು ಕಟ್ಟಿತು, ಶುಕ್ರವಾರ ಸಂಜೆ ಬಿಯರು ಹಂಚಿತು. ಹುಡುಗರು ಪಾಪ್‌ಕಾರ್ನ್ ತಿಂದು, ವಾಲಿಬಾಲ್ ಆಡಿ, ಬಿಯರ್ ಕುಡಿದು, ಸೋಮವಾರ ಬೆಳಿಗ್ಗೆ ರಾಜೀನಾಮೆ ಕೊಟ್ಟರು. ಹೀಗೆ ಒಬ್ಬೊಬ್ಬರೇ ಕರಗಿ ನನ್ನ ಗುಂಪಿನಲ್ಲಿ ಉಳಿದವರು ಬೆರಳೆಣಿಕೆಯಷ್ಟು ಜನ.

ಅವರಲ್ಲಿ ಲಿಂಡಾ ಒಬ್ಬಳು. ಹೇವರ್ಡಿನ ಸ್ಟೇಟ್ ಯೂನಿವರ್ಸಿಟಿಯಲ್ಲಿ ಓದಿ ನೇರ ನಮ್ಮಲ್ಲಿಗೆ ಬಂದವಳು, ಸಣ್ಣ ವಯಸ್ಸು. ನಾವು ಮಾಡುತ್ತಿದ್ದ ಕಂಪ್ಯೂಟರ್ ಚಿಪ್ಪಿನಲ್ಲಿ ಎಲ್ಲರ ಕಣ್ಣಿಗೂ ಮಣ್ಣೆರಚಿ ಕುಳಿತಿದ್ದ ಒಂದು ಟೈಮಿಂಗ್ ದೋಷವನ್ನು ಹುಡುಕಿ ಹಿಡಿದವಳು ಅವಳೇ. ಅದನ್ನು ಪೂರ್ತಿ ಸರಿಪಡಿಸುವ ದಾರಿ ಅವಳೊಬ್ಬಳಿಗೇ ಗೊತ್ತಿತ್ತು. ಅವಳು ಹೋದರೆ ಚಿಪ್ಪು ನಿಲ್ಲುತ್ತದೆ, ಚಿಪ್ಪು ನಿಂತರೆ ನಮ್ಮ ಗುಂಪನ್ನೇ ಮುಚ್ಚುತ್ತಾರೆ. ದೋಷವನ್ನು ತೋರಿಸಲು ಅವಳು ಕಣ್ಣರಳಿಸಿಕೊಂಡು ನನ್ನ ರೂಮಿಗೆ ಬಂದ ದಿನ ನಾನು ಏನು ಹೇಳಿದೆ ಎನ್ನುವಿರಿ? "ಪರವಾಗಿಲ್ಲ" ಎಂಬುದನ್ನೇ ಇಂಗ್ಲಿಷಿಗೆ ತಿರುಗಿಸಿ "ನಾಟ್ ಬ್ಯಾಡ್" ಎಂದೆ. ನನ್ನ ಮಟ್ಟಿಗೆ ಅದು ಶಾಲು ಹೊದಿಸಿ ಸನ್ಮಾನ ಮಾಡಿದ ಹಾಗೆ.

ಆದರೆ ಹೊಟ್ಟೆಯೊಳಗಿನ ಹೊಗಳಿಕೆ ಎಲ್ಲಿಗೆ ಹೋಗಬೇಕು? ಆ ಶನಿವಾರ ಸ್ಯಾನ್ ರಮೋನಿನಲ್ಲಿ ಗೆಳೆಯ ಶೆಣೈ ಅವರ ಮನೆಯಲ್ಲಿ ಕನ್ನಡದವರ ಪಾಟ್‌ಲಕ್ ಊಟವಿತ್ತು, ಮನೆಗೊಂದು ಅಡುಗೆ ಮಾಡಿ ತಂದು ಹಂಚಿಕೊಳ್ಳುವಂಥದ್ದು. ಬಿಸಿಬೇಳೆಬಾತಿನಿಂದ ಮೊಸರನ್ನದವರೆಗೂ ನಾನು ಲಿಂಡಾಳ ಗುಣಗಾನ ಮಾಡಿದೆನಂತೆ. "ಇಡೀ ಸಿಲಿಕಾನ್ ವ್ಯಾಲಿ ಹುಡುಕಿದರೂ ಇಂಥವಳು ಸಿಗುವುದಿಲ್ಲ" ಎಂದೆನಂತೆ. ಶೆಣೈ ಉಡುಪಿಯವರು, ಆಗತಾನೇ ಹೊಸ ಕಂಪನಿಯೊಂದನ್ನು ಸೇರಿ, ಒಳ್ಳೆಯ ಜನರನ್ನು ಹುಡುಕುತ್ತಿದ್ದರು. ಹಪ್ಪಳ ಮುರಿಯುತ್ತ ಎಲ್ಲವನ್ನೂ ಕೇಳಿಸಿಕೊಂಡರು.

ಮುಂದಿನ ಗುರುವಾರ ಲಿಂಡಾ ನನ್ನ ರೂಮಿಗೆ ಬಂದು ಬಾಗಿಲು ಮುಚ್ಚಿದಳು. ಅವಳು ಹೇಳಿದ್ದು ಕನ್ನಡದಲ್ಲಿ ಇಷ್ಟು: "ಶೆಣೈ ಅನ್ನುವವರು ಫೋನ್ ಮಾಡಿ ಕೆಲಸ ಕೊಡುತ್ತೇನೆ ಎಂದರು. ನನ್ನ ವಿಷಯ ನಿಮಗೆ ಹೇಗೆ ಗೊತ್ತು ಎಂದರೆ, ಸ್ಯಾನ್ ರಮೋನಿನ ನಮ್ಮ ಮನೆಗೆ ಊಟಕ್ಕೆ ಬಂದಾಗ ನಿನ್ನ ಬಾಸೇ ಹೇಳಿದ್ದು ಎಂದರು. ಎರಡು ವರ್ಷದಿಂದ ನೀವು ನನ್ನನ್ನು ಹೇಗೋ ಸಹಿಸಿಕೊಂಡಿದ್ದೀರಿ ಎಂದುಕೊಂಡಿದ್ದೆ. ನಾನು ಒಳ್ಳೆಯ ಇಂಜಿನಿಯರ್ ಅಂತ ತಿಳಿಯಬೇಕಾದರೆ ನಾನು ಸ್ಯಾನ್ ರಮೋನಿಗೆ ಹೋಗಬೇಕೇ?"

ನಾನೇ ತೋಡಿದ ಗುಂಡಿಗೆ ನಾನೇ ಬಿದ್ದಿದ್ದೆ. ಅವಳ ಕಣ್ಣಲ್ಲಿ ನೀರಿತ್ತು. ಸಂಬಳ ಏರಿಸುವ ಮಾತು ನಾಲಗೆಯ ತುದಿಗೆ ಬಂದಿತ್ತು, ನುಂಗಿಕೊಂಡೆ. ಮೇಜಿನ ಅಂಚನ್ನು ಹಿಡಿದುಕೊಂಡು, ಈಜು ಬಾರದವನು ಬಾವಿಗೆ ಹಾರುವಂತೆ ಶುರುಮಾಡಿದೆ. "ಆ ದೋಷ ಎಷ್ಟೋ ಸಲ ನನ್ನ ಕಣ್ಣೆದುರೇ ಹಾದುಹೋಗಿತ್ತು, ನನಗೆ ಕಾಣಲಿಲ್ಲ, ನಿನಗೆ ಕಂಡಿತು. ನನಗಿಂತ ನೀನು ಒಳ್ಳೆಯ ಇಂಜಿನಿಯರ್. ನಿನ್ನ ಜೊತೆ ಕೆಲಸ ಮಾಡುವುದು ನನ್ನ ಭಾಗ್ಯ. ಇದನ್ನು ಮೊದಲು ನಿನಗೇ ಹೇಳಬೇಕಾಗಿತ್ತು." ಇಷ್ಟು ಹೇಳುವಷ್ಟರಲ್ಲಿ ಷರಟು ಬೆವರಿನಿಂದ ಒದ್ದೆಯಾಯಿತು.

"ಇಷ್ಟು ಕಷ್ಟವೇ?" ಎಂದಳು.

"ತುಂಬಾ ಕಷ್ಟ" ಎಂದೆ. ಅವಳಿಗೆ ನಗು ಬಂತು. ಸೋಮವಾರ ಉತ್ತರ ಹೇಳುತ್ತೇನೆಂದು ಎದ್ದು ಹೋದಳು.

ಶೆಣೈಗೆ ಫೋನ್ ಮಾಡಿ ಜಗಳ ತೆಗೆದೆ. "ಎಂತ ಮಾರಾಯ್ರೇ, ಅಷ್ಟು ಹೊಗಳಿದ್ದು ನೀವೇ ಅಲ್ವಾ? ಕೇಳಿದವ್ರು ಸುಮ್ಮನೆ ಕೂತ್ಕೊಳ್ಳೋದು ಹೇಗೆ ಹೇಳಿ?" ಎಂದರು. ನಾನು ಫೋನ್ ಇಟ್ಟೆ.

ಸೋಮವಾರ ಬೆಳಿಗ್ಗೆ ಲಿಂಡಾ ಬಂದು, ಇಲ್ಲೇ ಉಳಿಯುತ್ತೇನೆ ಎಂದಳು. ಸಂಜೆ ನಾನು ಹೊರಟಾಗ ಅವಳ ಹಳದಿ ಕಾರು ನಮ್ಮ ಪಾರ್ಕಿಂಗ್ ಲಾಟಿನಲ್ಲೇ ನಿಂತಿತ್ತು. ಅದಕ್ಕೆ ನಾನು ಕೈಮುಗಿದದ್ದನ್ನು ಸೆಕ್ಯೂರಿಟಿಯವನು ನೋಡಿದನೋ ಏನೋ, ನೋಡಿದ್ದರೆ ನೋಡಲಿ. ಆ ಹುಡುಗಿಯ ಋಣ ನನ್ನ ಮೇಲೆ ದೊಡ್ಡದು. ಚಿಪ್ಪನ್ನು ಉಳಿಸಿದ್ದಷ್ಟೇ ಅಲ್ಲ, ಬಾಯಿದ್ದೂ ಮೂಗನಾಗಿದ್ದವನಿಗೆ ಮಾತು ಕಲಿಸಿದಳು. ಅಂದಿನಿಂದ ಒಬ್ಬೊಬ್ಬರ ಮೇಜಿಗೂ ಹೋಗಿ, ಮಾಡಿದ ಒಳ್ಳೆಯ ಕೆಲಸ ಇಂಥದ್ದೆಂದು ಎತ್ತಿ ಹೇಳುವುದನ್ನು ರೂಢಿ ಮಾಡಿಕೊಂಡೆ. ಮೊದಮೊದಲು ಹುಡುಗರು ಕಂಪನಿ ಮುಳುಗುತ್ತಿದೆಯೇನೋ ಎಂದು ಗಾಬರಿಯಾದರು, ಆಮೇಲೆ ಒಗ್ಗಿಕೊಂಡರು. ರಾಜೀನಾಮೆ ಪೂರ್ತಿ ನಿಂತಿತೆಂದು ಹೇಳಲಾರೆ, ಆದರೆ ಹೋದವರೂ ಕೈಕುಲುಕಿ ಹೋದರು.

ಚಿಪ್ಪು ತಯಾರಾಗಿ ಬಂದು ಸರಿಯಾಗಿ ಕೆಲಸ ಮಾಡಿದಾಗ ಆಫೀಸಿನ ಅಂಗಳದಲ್ಲಿ ಪಾರ್ಟಿ ಇಟ್ಟಿದ್ದರು. ಲಿಂಡಾ ನನ್ನ ಹೆಂಡತಿ ನಳಿನಿಯನ್ನು ಒಂದು ಮೂಲೆಗೆ ಕರೆದುಕೊಂಡು ಹೋಗಿ ಬಹಳ ಹೊತ್ತು ಏನೋ ಹೇಳಿದಳು. ನಳಿನಿ ಸೆರಗಿನಿಂದ ಕಣ್ಣೊರೆಸಿಕೊಂಡದ್ದು ನನಗೆ ದೂರದಿಂದಲೇ ಕಾಣಿಸಿತು. ಮನೆಗೆ ಮರಳುವಾಗ ಕಾರಿನಲ್ಲಿ ತಡೆಯಲಾರದೆ ಕೇಳಿದೆ, "ಏನಂದಳು?"

"ನಿಮ್ಮ ವಿಷ್ಯಾನೇ. ಬಹಳ ಒಳ್ಳೆ ಮಾತು ಹೇಳಿದ್ಲು."

"ಏನು ಹೇಳಿದಳು, ಹೇಳೇ."

"ಅಯ್ಯೋ, ಅದನ್ನೆಲ್ಲ ನಿಮ್ಮೆದುರಿಗೇ ಹೇಗೆ ಹೇಳ್ಲಿ? ಶೆಣೈ ಅವರ ಮನೆಯವ್ರಿಗೆ ಹೇಳಿರ್ತೀನಿ. ಬೇಕಾದ್ರೆ ಅವರನ್ನ ಕೇಳ್ಕೊಳ್ಳಿ."

ಮುಂದಿನ ಶನಿವಾರ ಸ್ಯಾನ್ ರಮೋನಿಗೆ ಹೊರಡಲು ಎಲ್ಲರಿಗಿಂತ ಮೊದಲು ಸ್ನಾನ ಮಾಡಿ ಸಿದ್ಧನಾಗಿದ್ದವನು ನಾನೇ.