ಐರಣಿಗೆ ಚಿಟ್ಟೆಗಳು ಬಂದಿದ್ದವು

ಗಿರಿಜಾ, ಆ ವರ್ಷ ಐರಣಿಯ ಹೊಳೆದಂಡೆಗೆ ಚಿಟ್ಟೆಗಳು ಬಂದಿದ್ದವು. ಬಂದಿಲ್ಲವೆಂದು ನಾನು ನಿನಗೆ ಸುಳ್ಳು ಹೇಳಿದೆ.

ಆಗಲೇ ನಿನಗೆ ನೇರ ಎದುರಿಗಿದ್ದದ್ದು ಮಾತ್ರ ಕಾಣುತ್ತಿತ್ತು — ಕೊಳವೆಯೊಳಗಿಂದ ನೋಡಿದ ಹಾಗೆ. ಅದೂ ಉಳಿಯುವುದು ಕಷ್ಟ ಎಂದು ಹುಬ್ಬಳ್ಳಿಯ ಡಾಕ್ಟರು ಹೇಳಿದ್ದು ನಮ್ಮಿಬ್ಬರಿಗೂ ಗೊತ್ತಿತ್ತು. ಕಣ್ಣಿರುವಷ್ಟು ದಿನ ಚಿಟ್ಟೆ ನೋಡುವ ಆಸೆ ನಿನಗೆ. ಬ್ಯಾಡಗಿಯಿಂದ ಬಸ್ಸು ಹಿಡಿದು ಇಬ್ಬರೂ ಹಾವೇರಿಯ ಚಿಟ್ಟೆ ತೋಟಕ್ಕೆ ಹೋದೆವು. ಬಲೆ ಕಟ್ಟಿದ ಚಿಟ್ಟೆಮನೆಯಲ್ಲಿ ಎಲ್ಲರೂ ತಲೆಯೆತ್ತಿ ನೋಡುತ್ತಿದ್ದರೆ, ನೀನು ಕೊಳೆತ ಬಾಳೆಹಣ್ಣಿನ ತಟ್ಟೆಯ ಮುಂದೆ ಕೂತೆ. ರಸ ಹೀರುತ್ತಿದ್ದ ಒಂದೇ ಒಂದು ಕಂದು ಚಿಟ್ಟೆ. ಅದು ರೆಕ್ಕೆ ಬಿಚ್ಚಿದಾಗ ಒಳಗೆಲ್ಲ ನೀಲಿ — ನೀನು ಉಸಿರು ಬಿಗಿಹಿಡಿದಿದ್ದೆ.

ಹೊರಗೆ ಬಂದು ಕೇಳಿದೆಯಲ್ಲ, "ಅಕ್ಕಾ, ಹಾರೋವು ನನಗ ಸಿಗಂಗಿಲ್ಲ. ಐರಣಿ ಹೊಳಿ ದಂಡಿಮ್ಯಾಲ ಗುಂಪಾಗಿ ಕುಂದರ್ತಾವಂತಲ್ಲ, ಅಲ್ಲಿಗೆ ಕರ್ಕೊಂಡ ಹೋಗ. ಕುಂತದ್ದು ನನಗ ಕಾಣ್ತೈತಿ."

ಮುಂದಿನ ಭಾನುವಾರ ನನ್ನ ಶಾಲೆಯ ಟೀಚರುಗಳೆಲ್ಲ ಐರಣಿಗೆ ಹೊರಟಿದ್ದರು. ರಾಣೆಬೆನ್ನೂರಿನಲ್ಲಿ ನಾನಿನ್ನೂ ಹೊಸಬಳು. ಅವರೆದುರು ನಿನ್ನ ಕೈ ಹಿಡಿದು, ಕಲ್ಲು ಬಂದಲ್ಲೆಲ್ಲ ನಿಲ್ಲಿಸಿ, ನಡೆಸುವುದು — ನಾಚಿಕೆಯಾಯಿತು. ಬೇರೆ ಹೆಸರಿಲ್ಲ ಅದಕ್ಕೆ.

"ಈ ವರ್ಷ ಐರಣಿಗೆ ಚಿಟ್ಟಿ ಬಂದಿಲ್ಲವ್ವಾ," ಎಂದು ಫೋನಿನಲ್ಲಿ ಹೇಳಿದೆ.

"ಹೌದಾ? ಇರ್ಲಿ ಬಿಡ ಅಕ್ಕಾ," ಎಂದೆ ನೀನು. "ಮುಂದಿನ ವರ್ಷ ಹೋಗೂಣು."

ನಾನು ಹೋದೆ. ಒದ್ದೆ ಮರಳಿನ ಮೇಲೆ ಹಳದಿ ಚಿಟ್ಟೆಗಳು ರೆಕ್ಕೆ ಮಡಚಿ, ಒತ್ತೊತ್ತಾಗಿ ಕೂತು ನೀರು ಹೀರುತ್ತಿದ್ದವು. ಹತ್ತಿರ ಹೋದರೂ ಕದಲಲಿಲ್ಲ. ನೀನು ಬಂದು ಮೊಣಕಾಲೂರಿದ್ದರೆ ಸಾಕಿತ್ತು, ಅಷ್ಟೂ ನಿನಗೆ... ಜೊತೆಯವರು ಫೋಟೋ ತೆಗೆದರು. ನಾನು ನಗುತ್ತ ನಿಂತೆ.

ಮರುವರ್ಷದ ಹೊತ್ತಿಗೆ ನಿನಗೆ ಉಳಿದದ್ದು ಬೆಳಕು, ನೆರಳು ಅಷ್ಟೇ. ಆದರೂ ನಿನ್ನನ್ನು ಐರಣಿಗೆ ಕರೆದೊಯ್ದೆ. ಮರಳಿನ ಮೇಲೆ ಕೂತು ನೀನು ಮೆಲ್ಲಗೆ ಕೇಳಿದೆ, "ಬಂದಾವೇನ?"

"ಬಂದಾವ," ಎಂದೆ ನಾನು. ಈ ಸಲ ಅದು ನಿಜವಾಗಿತ್ತು.

ನೀನು ಹೊಳೆಯ ಕಡೆ ಮುಖ ಮಾಡಿದೆ. ಆಮೇಲೆ, "ಪಾಪ, ಹ್ವಾದ ವರ್ಷ ಏನಾಗಿತ್ತೋ ಅವಕ್ಕ," ಎಂದೆ ನೀನು.

ಆಗಲೂ ನಾನು ಬಾಯಿ ಬಿಡಲಿಲ್ಲ. ಇಷ್ಟು ವರ್ಷವೂ.

ಇದನ್ನು ನಿನ್ನ ಫೋನಿಗೆ ಕಳಿಸಿದರೆ ಫೋನೇ ಓದಿ ಹೇಳುತ್ತದೆ, ನಾನು ಅಲ್ಲಿರಬೇಕಾಗಿಲ್ಲ — ಬೇಡ. ನಾಳೆ ಬ್ಯಾಡಗಿಗೆ ಬರುತ್ತೇನೆ. ನಿನ್ನ ಎದುರಿಗೆ ಕೂತು, ಮೊದಲ ಸಾಲಿನಿಂದ, ನನ್ನ ದನಿಯಲ್ಲೇ ಓದುತ್ತೇನೆ.